ಬೆಂಕಿಯ ಮೊನೆಯಲ್ಲಿ ಮೂಡುವ ಜೋಳದ ತೆನೆ

ಕಂಬಾರನ ಕುಲುಮೆಯ ಮುಂದೆ ನಿಂತು ಕುಡಗೋಲಿಗೆ ಹಿಡಿ ಕೂರಿಸುವುದನ್ನು ನೋಡಿದವರಿಗೆ ಆ ವಾಸನೆ ಮರೆಯುವುದಿಲ್ಲ. ಕೆಂಪಗೆ ಕಾದ ಕಬ್ಬಿಣದ ಬಾಲ ಕಟ್ಟಿಗೆಯೊಳಗೆ ಇಳಿಯುತ್ತಲೇ ಚುಂಯ್ ಎಂದು ಹೊಗೆ ಏಳುತ್ತದೆ, ತೂತಿನ ಸುತ್ತ ಕಪ್ಪು ಉಂಗುರ ಉಳಿಯುತ್ತದೆ. ಬಂಡಿಯ ಗಾಲಿಗೆ ಕಾದ ಹಳಿ ತೊಡಿಸುವಾಗಲೂ ಅದೇ ವಾಸನೆ. ಕೃಷ್ಣೆಯ ದಂಡೆಯ ಕೊಲ್ಹಾರದಂಥ ಊರಿಗೆ ಕಾದ ಕಬ್ಬಿಣವೂ ಹೊಸದಲ್ಲ, ಕಟ್ಟಿಗೆಯೂ ಹೊಸದಲ್ಲ. ಆ ಕಪ್ಪು ಗುರುತನ್ನೇ ಬೇಕೆಂದು ಎಳೆದು ಚಿತ್ರ ಬಿಡಿಸುವುದು ಪೈರೋಗ್ರಫಿ. ಬೆಂಕಿ ಮತ್ತು ಬರಹ ಎಂಬ ಎರಡು ಗ್ರೀಕ್ ಪದಗಳು ಕೂಡಿ ಆದ ಹೆಸರು ಅದು. ಇಂಗ್ಲೆಂಡಿನ ಜನ ಇದನ್ನು ಒಲೆ ಕೆದಕುವ ಸಲಾಕೆಯ ಹೆಸರಿನಿಂದಲೇ ಕರೆಯುತ್ತಿದ್ದರು.

ಪಶ್ಚಿಮದ ದೇಶಗಳಲ್ಲಿ ಕ್ರಿಸ್‌ಮಸ್ ಬಂತೆಂದರೆ ಕಟ್ಟಿಗೆಯ ಬಿಲ್ಲೆಗಳ ಮೇಲೆ ಹೀಗೆ ಚಿತ್ರ ಸುಟ್ಟು ಗಿಡಕ್ಕೆ ತೂಗುಹಾಕುತ್ತಾರೆ. ಅವರ ಹಿಮದ ಹೂವು ನಮಗೇಕೆ ಬೇಕು? ವಿಜಯಪುರ ಸೀಮೆಯ ವರ್ಷವೇ ಚಿತ್ರಗಳ ಸಾಲು. ಕಾರಹುಣ್ಣಿಮೆಗೆ ಕೋಡಣಸು, ಗೆಜ್ಜೆಸರ ತೊಟ್ಟ ಎತ್ತು, ಹದಿನೈದು ದಿನಕ್ಕೆ ಮಣ್ಣೆತ್ತು, ನಾಗಪಂಚಮಿಗೆ ಜೋಕಾಲಿ, ದಸರೆಗೆ ಬನ್ನಿ ಎಲೆ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ಹೊತ್ತಿನ ಜೋಳದ ತೆನೆ. ಕೊಲ್ಹಾರದವರಿಗಂತೂ ಊರಿನ ಹೆಸರು ಹೊತ್ತ ಮೊಸರಿನ ಗಡಿಗೆ ಇದ್ದೇ ಇದೆ.

ಹೊಸಬರು ತೆನೆಯಿಂದಲೇ ಶುರು ಮಾಡಲಿ ಎಂಬುದು ನನ್ನ ಸಲಹೆ. ಕಾರಣವಿದೆ. ಈ ಕೆಲಸದಲ್ಲಿ ಗೆರೆ ಕಷ್ಟ, ಚುಕ್ಕಿ ಸುಲಭ. ಮೊನೆಯನ್ನು ಕಟ್ಟಿಗೆಗೆ ತಾಗಿಸಿ ಎತ್ತಿದರೆ ಒಂದು ಕಾಳು. ಒಂದು ಕ್ಷಣ ಹೆಚ್ಚು ಇಟ್ಟರೆ ಕಾಳು ಕಪ್ಪಾಗುತ್ತದೆ, ಬೇಗ ಎತ್ತಿದರೆ ತಿಳಿಗಂದು. ನೂರು ಕಾಳು ಇಡುವಷ್ಟರಲ್ಲಿ ಬೆಂಕಿಯ ಹದ ಕೈಗೆ ಹತ್ತುತ್ತದೆ. ಆಮೇಲೆ ಗಡಿಗೆಯ ದುಂಡು ಗೆರೆ, ಕಡೆಗೆ ಎತ್ತಿನ ಕೋಡು. ಗೆರೆಯನ್ನು ತಮ್ಮ ಕಡೆಗೆ ಎಳೆಯಬೇಕು, ಮುಂದಕ್ಕೆ ದೂಡಬಾರದು. ದೂಡಿದರೆ ಮೊನೆ ಕಟ್ಟಿಗೆಯ ಎಳೆಗೆ ಸಿಕ್ಕಿಬೀಳುತ್ತದೆ. ಒತ್ತುವುದಂತೂ ಬೇಡವೇ ಬೇಡ. ಬಣ್ಣ ತರುವುದು ಬಿಸಿ ಮತ್ತು ಸಮಯ, ಕೈಯ ಬಲವಲ್ಲ.

ಇದಕ್ಕೆಂದೇ ಮಾಡಿದ ಸುಡುವ ಪೆನ್ನುಗಳು ಸಿಗುತ್ತವೆ. ಅದಿಲ್ಲದಿದ್ದರೆ ರೇಡಿಯೊ ರಿಪೇರಿಯವರು ಬಳಸುವ 25 ವಾಟಿನ ಸೋಲ್ಡರಿಂಗ್ ಐರನ್ ಸಾಕು. ಕಟ್ಟಿಗೆ ಕಂದುಬಣ್ಣಕ್ಕೆ ತಿರುಗಲು ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಬೇಕು; ಐರನ್ನಿನ ಮೊನೆ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಮೊನೆಗೆ ಮಸಿ ಹಿಡಿದಾಗ ಆರಿಸಿ, ತಣ್ಣಗಾದ ಮೇಲೆ ನಯವಾದ ಉಪ್ಪುಕಾಗದದಿಂದ ಉಜ್ಜಿರಿ.

ಕಟ್ಟಿಗೆ ತಿಳಿಬಣ್ಣದ್ದಿರಬೇಕು, ಎಳೆ ಒತ್ತಾಗಿರಬೇಕು. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆಮರ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅಷ್ಟು ದೂರ ಹೋಗುವುದೂ ಬೇಡ, ಬಡಿಗೇರ ಅಂಗಡಿಯಲ್ಲಿ ಉಳಿದ ಬಿಳಿ ಕಟ್ಟಿಗೆಯ ಚೂರು ಕೇಳಿ ತನ್ನಿ. ಬೇವಿನ ಕೊಂಬೆಯನ್ನು ಸೌತೆಕಾಯಿಯಂತೆ ಓರೆಯಾಗಿ ಬಿಲ್ಲೆ ಕೊಯ್ದರೂ ಆದೀತು, ಆದರೆ ನೆರಳಲ್ಲಿ ವಾರಗಟ್ಟಲೆ ಆರಬೇಕು. ಅವಸರ ಮಾಡಿ ಬಿಸಿಲಿಗಿಟ್ಟರೆ ಸೀಳುತ್ತದೆ. ಆರಿದ ಬಿಲ್ಲೆಯನ್ನು ಮೊದಲು 120, ಆಮೇಲೆ 220 ನಂಬರಿನ ಉಪ್ಪುಕಾಗದದಿಂದ ತಿಕ್ಕಿ, ಕಾರ್ಬನ್ ಹಾಳೆ ಇಟ್ಟು ಚಿತ್ರ ಇಳಿಸಿಕೊಳ್ಳಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಹಳೆಯ ಬಾಗಿಲು, ಕಿಟಕಿಗಳ ಹಲಗೆ ಕೈಗೆ ಸಿಕ್ಕಿತೆಂದು ಬಣ್ಣ ಬಳಿದ ಕಟ್ಟಿಗೆಯನ್ನು ಸುಡಬೇಡಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಪ್ಲೈವುಡ್, ಎಂಡಿಎಫ್ ಹಲಗೆಗಳ ಅಂಟು ಸುಟ್ಟರೆ ಬರುವ ಹೊಗೆಯೂ ವಿಷವೇ. ಬರಿ ಕಟ್ಟಿಗೆಯ ಹೊಗೆಯೂ ಎದೆಗೆ ಒಳ್ಳೆಯದಲ್ಲ. ಆದ್ದರಿಂದ ಪಡಸಾಲೆಯ ಬಾಗಿಲು ತೆರೆದು, ಹೊಗೆಯನ್ನು ಮುಖದಿಂದ ಆಚೆ ಎಳೆಯುವಂತೆ ಫ್ಯಾನ್ ಇಟ್ಟುಕೊಂಡು ಕೂಡಿರಿ. ಮಕ್ಕಳು ಮಾಡುವುದಾದರೆ ದೊಡ್ಡವರು ಪಕ್ಕದಲ್ಲೇ ಇರಲಿ.

ಚಿತ್ರ ಮುಗಿದ ಮೇಲೆ ಬೇಕಿದ್ದರೆ ಬಣ್ಣ, ಎಲ್ಲದರ ಕಡೆಗೆ ವಾರ್ನಿಷ್. ಒಂದು ತೂತು ಕೊರೆದು ಕೆಂಪು ದಾರದ ಗೊಂಡೆ ಪೋಣಿಸಿದರೆ ಬಾಗಿಲ ತೋರಣಕ್ಕೆ ಬಿಲ್ಲೆ ಸಿದ್ಧ. ಮೊದಲ ನಾಲ್ಕು ಬಿಲ್ಲೆ ಕೆಟ್ಟರೆ ಎಸೆಯಬೇಡಿ, ಹಿಂಬದಿ ಖಾಲಿಯಿದೆ. ತೋರಣವನ್ನು ಒಳಬಾಗಿಲಿಗೇ ಕಟ್ಟಿ. ನಮ್ಮ ಸೀಮೆಯ ಬಿಸಿಲಿಗೆ ತಿಳಿಯಾಗಿ ಸುಟ್ಟ ಗೆರೆಗಳು ಮಾಸಿಹೋಗುತ್ತವೆ.