ಕೊಟ್ಟಿಗೆಯ ಮೂಲೆಯಲ್ಲಿರುವ ಹಳೆಯ ಜೀಪು

ಕೊಟ್ಟಿಗೆಯ ಮಾಡಿನಡಿಯಲ್ಲಿ ಗೊಬ್ಬರದ ಚೀಲಗಳಿಗೆ ಆಸರೆಯಾಗಿ ನಿಂತಿರುವ ಹಳೆಯ ಜೀಪು ನಮ್ಮ ಸದಸ್ಯರಲ್ಲಿ ಅನೇಕರ ಮನೆಯಲ್ಲಿದೆ. ಇತ್ತೀಚೆಗೆ ಇಂಥವನ್ನು ಕೇಳಿಕೊಂಡು ತೋಟದ ಮನೆಗಳಿಗೆ ಬರುವವರು ಹೆಚ್ಚಾಗಿದ್ದಾರೆ. ಕೆಲವರು ಗುಜರಿಯವರು, ಕೆಲವರು ಪಟ್ಟಣದ ಹವ್ಯಾಸಿಗಳ ಪರವಾಗಿ ಹುಡುಕುವ ದಲ್ಲಾಳಿಗಳು. ಇಬ್ಬರದೂ ಒಂದೇ ಮಾತು: "ಹದಿನೈದು ವರ್ಷ ದಾಟಿದ ಗಾಡಿ, ಇನ್ನು ಸರ್ಕಾರ ಇಟ್ಟುಕೊಳ್ಳಲು ಬಿಡುವುದಿಲ್ಲ, ತೂಕಕ್ಕೆ ಕೊಟ್ಟುಬಿಡಿ."

ಈ ಮಾತನ್ನು ನಂಬಬೇಕಾಗಿಲ್ಲ. 2023ರ ಏಪ್ರಿಲ್ 1ರಿಂದ ನೋಂದಣಿ ಕಳೆದುಕೊಂಡದ್ದು 15 ವರ್ಷ ದಾಟಿದ ಸರ್ಕಾರಿ ವಾಹನಗಳು. ನಮ್ಮ ಸ್ವಂತ ಜೀಪು ತಪಾಸಣೆಯಲ್ಲಿ ತೇರ್ಗಡೆಯಾದರೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಳ್ಳಬಹುದು. ಆದುದರಿಂದ ಕೊಡುವ ಮೊದಲು ಮನೆಯಲ್ಲಿರುವುದು ಯಾವ ಜೀಪು ಎಂಬುದನ್ನು ತಿಳಿದುಕೊಳ್ಳುವುದು ಮೇಲು.

ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಒಂದೇ ನಮೂನೆಯ ಜೀಪನ್ನು 1941ರಿಂದ 1945ರವರೆಗೆ ತಯಾರಿಸಿದವು. ಎರಡೂ ಸೇರಿ 6 ಲಕ್ಷಕ್ಕೂ ಮೇಲೆ. ಅಸ್ಸಾಂ, ಬರ್ಮಾ ಕಡೆಯ ಸೇನೆಗಳಿಗಾಗಿ ನಮ್ಮ ದೇಶಕ್ಕೂ ಬಂದವು. ಯುದ್ಧ ಮುಗಿದ ಮೇಲೆ ಮಿಕ್ಕವು ಡಿಸ್ಪೋಸಲ್ ಮಾರಾಟದಲ್ಲಿ ಹೊರಬಿದ್ದವು. ನಾಲ್ಕೂ ಚಕ್ರಕ್ಕೆ ಎಳೆತವಿರುವ ಈ ಪುಟ್ಟ ಗಾಡಿ, ಎತ್ತಿನ ಗಾಡಿಯೂ ಹೂತುಹೋಗುವ ನಮ್ಮ ಆಷಾಢದ ಕೆಸರಿಗೆ ಎಷ್ಟು ಒಪ್ಪುತ್ತದೆಂದು ಹೇಳಬೇಕಾಗಿಲ್ಲ. ಮುಂದೆ ಬೊಂಬಾಯಿಯ ಮಹೀಂದ್ರ ಕಂಪೆನಿ ಜೀಪುಗಳನ್ನು ಇಲ್ಲಿಯೇ ಜೋಡಿಸಿತು, ಆಮೇಲೆ ತಯಾರಿಸಿತು. ನಮ್ಮ ಕೊಟ್ಟಿಗೆಗಳಲ್ಲಿ ಇರುವುದು ಬಹುಪಾಲು ಇವೇ.

ಯುದ್ಧದ ಜೀಪೋ ಮಹೀಂದ್ರವೋ ಎಂದು ಗುರುತಿಸುವುದು ಕಷ್ಟವಲ್ಲ. ಮುಖದ ಜಾಲರಿಯಲ್ಲಿ ಉದ್ದನೆಯ ಸೀಳುಗಳನ್ನು ಎಣಿಸಿರಿ. ಯುದ್ಧದ್ದಕ್ಕೆ ಒಂಬತ್ತು, 1945ರಿಂದ ನಾಗರಿಕರಿಗಾಗಿ ಬಂದ ವಿಲ್ಲೀಸ್‌ಗೆ ಏಳು. ತೀರ ಮೊದಲಿನ ಯುದ್ಧದ ಜೀಪುಗಳಿಗೆ ಮಾತ್ರ ಸೀಳಿನ ತಗಡಿನ ಬದಲು ಕಬ್ಬಿಣದ ಪಟ್ಟಿಗಳನ್ನು ಬೆಸೆದ ಜಾಲರಿ ಇತ್ತು. ಯುದ್ಧದ ಜೀಪಿನ ಹಿಂಬದಿಯಲ್ಲಿ ತೆರೆಯುವ ಬಾಗಿಲಿಲ್ಲ, ಪೆಟ್ರೋಲ್ ಟ್ಯಾಂಕು ಚಾಲಕನ ಆಸನದ ಕೆಳಗಿದೆ, ಹೆಡ್‌ಲೈಟನ್ನು ಹಿಂದಕ್ಕೆ ಮಗುಚಿದರೆ ರಾತ್ರಿ ಎಂಜಿನ್ ರಿಪೇರಿಗೆ ಬೆಳಕಾಗುತ್ತದೆ. (ಈ ಕೊನೆಯ ಉಪಾಯವನ್ನು ಇಂದಿನ ಗಾಡಿಗಳಿಂದ ಏಕೆ ಕೈಬಿಟ್ಟರೋ!) ಫೋರ್ಡ್‌ನವರು ಬಹಳಷ್ಟು ಬಿಡಿಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ, ಇಂಗ್ಲಿಷಿನ 'ಎಫ್' ಅಕ್ಷರವನ್ನು ಒತ್ತಿರುತ್ತಾರೆ. ಛಾಸಿಯ ಮುಂದಿನ ಅಡ್ಡಪಟ್ಟಿ ಕೊಳವೆಯಂತೆ ಗುಂಡಗಿದ್ದರೆ ವಿಲ್ಲೀಸ್, ಮಗುಚಿದ ದೋಣಿಯಂತಿದ್ದರೆ ಫೋರ್ಡ್. ಸ್ಟೀರಿಂಗ್ ಎಡಗಡೆ ಇದೆಯೆಂಬುದು ಮಾತ್ರ ಪುರಾವೆಯಲ್ಲ. ಹಿಂಬದಿಯಲ್ಲಿ 'ಲೆಫ್ಟ್ ಹ್ಯಾಂಡ್ ಡ್ರೈವ್' ಎಂದು ಬರೆಸಿಕೊಂಡ ಮಹೀಂದ್ರ ಜೀಪುಗಳ ಹಿಂದೆ ಧೂಳು ಕುಡಿದವರು ನಾವೆಲ್ಲರೂ.

ಬಾನೆಟ್ಟು ಎತ್ತರವಾಗಿ ಮೊಂಡಾಗಿ ಕಂಡರೆ ಅದು 1953ರಲ್ಲಿ ಅಮೆರಿಕದಲ್ಲಿ ಹೊರಬಂದ ಸಿ.ಜೆ. 3ಬಿ ನಮೂನೆ. ಒಳಸೇದುವ ವಾಲ್ವುಗಳನ್ನು ಎಂಜಿನ್ನಿನ ತಲೆಗೆ ಏರಿಸಿದ್ದರಿಂದ ಎಂಜಿನ್ ಎತ್ತರವಾಯಿತು, ಬಾನೆಟ್ಟನ್ನೂ ಏರಿಸಬೇಕಾಯಿತು. ನೋಡಲು ಚೆಂದವಲ್ಲವೆಂದು ಹವ್ಯಾಸಿಗಳು ಮೂಗು ಮುರಿಯುವುದುಂಟು. ಏರಿನಲ್ಲಿ ಕಾಫಿ ಚೀಲ ಹೊತ್ತವರು ಹಾಗೆನ್ನುವುದಿಲ್ಲ.

ಸೇನೆಯ ಜೋಂಗಾ ಬೇರೆಯೇ ಜಾತಿ. ಜಪಾನಿನ ನಿಸ್ಸಾನ್ ಪೆಟ್ರೋಲ್ ನಮೂನೆಯ ಮೇಲೆ ಜಬಲ್ಪುರದ ಕಾರ್ಖಾನೆಯಲ್ಲಿ 1969ರಿಂದ 1999ರವರೆಗೆ ತಯಾರಾಯಿತು. ಸುಮಾರು ನಾಲ್ಕು ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್. ಎಳೆಯುವುದರಲ್ಲಿ ಆನೆ, ಕುಡಿಯುವುದರಲ್ಲೂ ಆನೆ. ಸಣ್ಣ ಹಿಡುವಳಿದಾರರು ಕೊಳ್ಳದಿರುವುದೇ ಕ್ಷೇಮ. ಕೊಳ್ಳಲೇಬೇಕೆಂದರೆ ಸೇನೆಯಿಂದ ಹರಾಜಾದ ಕಾಗದಪತ್ರ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ.

ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಹರಿಯಾಣದ ಮಂಡಿ ದಬ್ವಾಲಿಯಂಥ ಕಡೆ ಹಳೆಯ ವಿಲ್ಲೀಸ್ ಮಾದರಿಯ ಮೈಯನ್ನು ಹೊಸ ತಗಡಿನಲ್ಲಿ ಕಟ್ಟಿಕೊಡುತ್ತಾರೆ. ಕೆಲಸ ಅಚ್ಚುಕಟ್ಟು, ಅದರಲ್ಲಿ ಮೋಸವೇನಿಲ್ಲ. ಅದನ್ನು ಯುದ್ಧಕಾಲದ್ದೆಂದು ಹೇಳಿ ಮಾರುವಾಗ ಮೋಸ. ಹಸಿರು ಬಣ್ಣ, ಬಿಳಿ ನಕ್ಷತ್ರ ನೋಡಿ ಮರುಳಾಗದೆ ಛಾಸಿಯ ಕೆಳಗೆ ತೂರಿಕೊಂಡು ನೋಡಬೇಕು. ಅಲ್ಲಿರುವ ನಂಬರಿಗೂ ಆರ್.ಸಿ. ಪುಸ್ತಕದ ನಂಬರಿಗೂ ತಾಳೆಯಾಗಬೇಕು.

ಮಾರುವವರಿಗೆ ಬೆಲೆ ಬರುವುದು ಮೂಲ ಎಂಜಿನ್ನಿನಿಂದ. ಪೆಟ್ರೋಲ್ ದುಬಾರಿಯಾದ ವರ್ಷಗಳಲ್ಲಿ ನಮ್ಮವರು ಜೀಪಿನ ಎಂಜಿನ್ ಇಳಿಸಿ ಡೀಸೆಲ್ ಏರಿಸಿದರು. ತಪ್ಪೇನಲ್ಲ, ತೋಟ ನಡೆಯಬೇಕಲ್ಲ. ಆದರೆ ಇಳಿಸಿದ ಎಂಜಿನ್ ಇನ್ನೂ ಅಡಿಕೆ ಸುಲಿಯುವ ಚಪ್ಪರದ ಹಿಂದೆ ಬಿದ್ದಿರಬಹುದು. ಅದನ್ನು ಬೇರೆಯಾಗಿ ಗುಜರಿಗೆ ಹಾಕಬೇಡಿ, ಜೀಪಿನ ಜೊತೆಗೇ ಇಡಿ. ಎಂಜಿನ್ ಬದಲಾದದ್ದು ಆರ್.ಸಿ.ಯಲ್ಲಿ ದಾಖಲಾಗಿದೆಯೇ ಎಂಬುದನ್ನೂ ನೋಡಿಕೊಳ್ಳಿ.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ಹೊರಡಿಸಿತು. 50 ವರ್ಷ ದಾಟಿ ಮೂಲ ಸ್ವರೂಪದಲ್ಲೇ ಇರುವ ವಾಹನ ಇದಕ್ಕೆ ಅರ್ಹ. ಹೊಸ ನೋಂದಣಿಗೆ ಅಂದು ಗೊತ್ತುಪಡಿಸಿದ ಶುಲ್ಕ 20,000 ರೂ., ಅವಧಿ 10 ವರ್ಷ, ನಂಬರಿನಲ್ಲಿ 'ವಿ.ಎ.' ಅಕ್ಷರ. ಈಗಾಗಲೇ ನಂಬರು ಇರುವ ವಾಹನ ಅದನ್ನೇ ಉಳಿಸಿಕೊಳ್ಳಬಹುದು. ಆದರೆ ಹೀಗೆ ನೋಂದಾಯಿಸಿದ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ರಸ್ತೆಗಿಳಿಸುವಂತಿಲ್ಲ; ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು ಇತ್ಯಾದಿಗಳಿಗೆ ಮಾತ್ರ. ಸಂತೆಗೆ, ಕ್ಯೂರಿಂಗಿಗೆ, ಶಾಲೆಗೆ ಅದೇ ಜೀಪನ್ನು ನಂಬಿರುವ ಸದಸ್ಯರು ಈ ಗೌರವದ ಆಸೆಗೆ ಬೀಳದೆ ಮಾಮೂಲು ನೋಂದಣಿಯಲ್ಲೇ ಉಳಿಯುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಹಳೆಯ ಜೀಪುಗಳ ಆರ್.ಸಿ. ಎಷ್ಟೋ ಮನೆಗಳಲ್ಲಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದೆ. ಪಹಣಿಗೆ ತೋರಿದ ಕಾಳಜಿಯನ್ನು ಇದಕ್ಕೆ ತೋರಿದವರು ಕಡಿಮೆ. ವಾರಸುದಾರರ ಹೆಸರಿಗೆ ಬದಲಾಯಿಸಲು 31ನೇ ನಮೂನೆಯ ಅರ್ಜಿ ಇದೆ. ಅಣ್ಣತಮ್ಮಂದಿರು ಒಟ್ಟಿಗಿರುವಾಗಲೇ ಮರಣ ಪ್ರಮಾಣ ಪತ್ರದೊಡನೆ ಸಾರಿಗೆ ಕಚೇರಿಗೆ ಕೊಡುವುದು ಸುಲಭ. ಅರ್ಜಿ ತುಂಬಲು ತೊಂದರೆಯಾಗುವ ಸದಸ್ಯರು ಮೂಲ ಆರ್.ಸಿ. ಹಾಗೂ ಛಾಸಿ ನಂಬರನ್ನು ಪೆನ್ಸಿಲಿನಿಂದ ಉಜ್ಜಿ ತೆಗೆದ ಕಾಗದದೊಡನೆ ಸಂಘದ ಕಚೇರಿಗೆ ಬಂದರೆ ಕುಳಿತು ಬರೆದುಕೊಡುತ್ತೇವೆ.