ಅಸಲು ಹೋಯಿತು, ಬಡ್ಡಿ ಬಂತು!

ಮೇ ತಿಂಗಳ ಮಧ್ಯಾಹ್ನ. ನಂದೊಳ್ಳಿಯ ನಮ್ಮ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ಗುಡ್ಡದಾಚೆ ಗುಡುಗಿ ನಿಂತಿತು. ನಮಗೆ ಬಂದದ್ದು ತಣ್ಣನೆ ಗಾಳಿ ಮಾತ್ರ. "ಅಜ್ಜಾ, ಮಳೆ ಆಚೆಗೇ ಹೋಯ್ತು" ಎಂದಳು ಮೊಮ್ಮಗಳು. ನಾನೂ ಹೂಂ ಎಂದೆ. 20 ನಿಮಿಷದಲ್ಲಿ ತಲೆಯ ಮೇಲೇ ಹೊಸ ಕಾರ್ಮೋಡ! ಹಪ್ಪಳ ಬಿಟ್ಟು ಅವಳನ್ನು ಒಳಗೆ ಎಳೆದುಕೊಂಡೆ. ಮರುಕ್ಷಣ ಅಂಗಳದಂಚಿನ ತೆಂಗಿಗೆ ಸಿಡಿಲು.

ಬ್ಯಾಂಕಿನವನ ಲೆಕ್ಕದಲ್ಲಿ ಹೇಳುವುದಾದರೆ, ಅಸಲು ತೀರಿದರೂ ಬಡ್ಡಿ ಉಳಿದಿತ್ತು.

ಮಕ್ಕಳೇ, ಬೀಳುವ ಮಳೆಹನಿಗಳಲ್ಲಿ ಒಂದಿಷ್ಟು ದಾರಿಯಲ್ಲೇ ಆವಿಯಾಗುತ್ತವೆ. ಆಗ ಸುತ್ತಲಿನ ಗಾಳಿ ತಣ್ಣಗಾಗಿ, ಭಾರವಾಗಿ ಕೆಳಗಿಳಿಯುತ್ತದೆ. ಕೊಡದ ನೀರು ಅಂಗಳಕ್ಕೆ ಸುರಿದಂತೆ ನೆಲದ ಮೇಲೆ ಸುತ್ತಲೂ ಹರಡುತ್ತದೆ. ಬಿಸಿಯಾದ, ತೇವದ ಗಾಳಿಯ ಅಡಿಗೆ ನುಗ್ಗಿ ಅದನ್ನು ಮೇಲಕ್ಕೆತ್ತುತ್ತದೆ. ಮೇಲೇರಿದ ತೇವವೇ ಹೊಸ ಗುಡುಗು ಮೋಡ. ಇಂಥ ಎರಡು ತಂಗಾಳಿ ಎದುರುಬದುರಾದರೆ ಎತ್ತುವ ಬಲ ಇನ್ನೂ ಹೆಚ್ಚು. 1946–47ರಲ್ಲಿ ಅಮೆರಿಕದವರು ಗುಡುಗು ಮೋಡದೊಳಗೇ ವಿಮಾನ ಹಾರಿಸಿ ಈ ಏರಿಳಿತ ಅಳೆದರು.

ತಣ್ಣನೆ ಗಾಳಿ ಬೀಸಿತೇ? ಒಳಗೆ ಬನ್ನಿ. ಕೊನೆಯ ಗುಡುಗಾಗಿ 30 ನಿಮಿಷ ಅಂಗಳಕ್ಕಿಳಿಯಬೇಡಿ. ಗಡಿಯಾರ ನೋಡುವ ಕೆಲಸ ನಮ್ಮಂಥ ಅಜ್ಜ-ಅಜ್ಜಿಯರದು.