ಕ್ರೋಮಿಕ್ ಆಮ್ಲ: ಬಣ್ಣ ಬದಲಾದರೆ ವಿಷ ಹೋಯಿತೆ?

ಬ್ಯುರೆಟ್, ಪಿಪೆಟ್‌ಗಳಿಗೆ ಅಂಟಿದ ಜಿಡ್ಡನ್ನು ತೆಗೆಯಲು ಪ್ರಯೋಗಾಲಯಗಳಲ್ಲಿ ಬಹುಕಾಲ ಬಳಸುತ್ತ ಬಂದ ಕಿತ್ತಳೆ-ಕಂದು ದ್ರವವನ್ನು ನೀವು ನೋಡಿರಬಹುದು. ಅದೇ ಕ್ರೋಮಿಕ್ ಆಮ್ಲ. ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಸಾರಯುಕ್ತ ಸಲ್ಫ್ಯೂರಿಕ್ ಆಮ್ಲಗಳಿಂದ ಇದನ್ನು ತಯಾರಿಸುತ್ತಾರೆ. ಬಳಸುತ್ತ ಹೋದಂತೆ ದ್ರವ ಹಸಿರಾಗುತ್ತದೆ. ಆಗ ಅದನ್ನು ಏನು ಮಾಡಬೇಕು?

1797ರಲ್ಲಿ ಫ್ರಾನ್ಸಿನ ವೋಕ್ಲ್ಯಾಂ ಸೈಬೀರಿಯದ ಕೆಂಪು ಸೀಸದ ಅದಿರಿನಲ್ಲಿ ಕ್ರೋಮಿಯಂ ಧಾತುವನ್ನು ಪತ್ತೆಹಚ್ಚಿದರು. ಅದರ ಸಂಯುಕ್ತಗಳು ಬಣ್ಣಬಣ್ಣವಾಗಿದ್ದುದರಿಂದ, ಬಣ್ಣ ಎಂಬರ್ಥದ ಗ್ರೀಕ್ ಪದವೇ ಧಾತುವಿನ ಹೆಸರಾಯಿತು. ನಮ್ಮ ಹಾಸನ ಜಿಲ್ಲೆಯ ಬೈರಾಪುರದಲ್ಲಿ ಸಿಗುವ ಕ್ರೋಮೈಟ್ ಅದಿರಿನಲ್ಲಿ ಕ್ರೋಮಿಯಂನ ಉತ್ಕರ್ಷಣ ಸಂಖ್ಯೆ +3. ಕ್ರೋಮಿಕ್ ಆಮ್ಲದಲ್ಲಿ ಅದು +6.

ಈ ವ್ಯತ್ಯಾಸ ಸಣ್ಣದಲ್ಲ. +6 ಸ್ಥಿತಿಯ ಕ್ರೋಮೇಟ್ ಅಯಾನು ರಚನೆಯಲ್ಲಿ ಸಲ್ಫೇಟ್ ಅಯಾನನ್ನು ಹೋಲುತ್ತದೆ. ಆದ್ದರಿಂದ ಸಲ್ಫೇಟ್ ಹೋಗುವ ದಾರಿಯಲ್ಲೇ ಜೀವಕೋಶದೊಳಕ್ಕೆ ನುಸುಳಿ, ಅಲ್ಲಿ ಅಪಕರ್ಷಣ ಹೊಂದುತ್ತ ಡಿ.ಎನ್.ಎ.ಗೆ ಹಾನಿ ಮಾಡುತ್ತದೆ. +6 ಕ್ರೋಮಿಯಂ ಸಂಯುಕ್ತಗಳು ಕ್ಯಾನ್ಸರ್‌ಕಾರಕಗಳು. +3 ಅಯಾನು ಕೋಶದೊಳಕ್ಕೆ ಸುಲಭವಾಗಿ ಹೋಗದು. ಅದರ ವಿಷತ್ವ ಬಹಳ ಕಡಿಮೆ.

ಈಗ ಎರಡು ಬಣ್ಣ ಬದಲಾವಣೆಗಳನ್ನು ಹೋಲಿಸಿ. ಕಿತ್ತಳೆ ಡೈಕ್ರೋಮೇಟ್ ದ್ರಾವಣಕ್ಕೆ ಪ್ರತ್ಯಾಮ್ಲ ಸೇರಿಸಿದರೆ ಹಳದಿ ಕ್ರೋಮೇಟ್ ಉಂಟಾಗುತ್ತದೆ. ಆಮ್ಲ ಸೇರಿಸಿದರೆ ಮತ್ತೆ ಕಿತ್ತಳೆ. ಎರಡರಲ್ಲೂ ಕ್ರೋಮಿಯಂ +6 ಆಗಿಯೇ ಇರುತ್ತದೆ. ಆದ್ದರಿಂದ ಉಳಿದ ಆಮ್ಲಕ್ಕೆ ವಾಷಿಂಗ್ ಸೋಡಾ ಹಾಕಿ ತಟಸ್ಥಗೊಳಿಸಿದರೆ ಆಮ್ಲತೆ ಹೋಗುತ್ತದೆಯೇ ಹೊರತು ವಿಷ ಹೋಗುವುದಿಲ್ಲ. ಕಿತ್ತಳೆ ಬಣ್ಣ ಹಸಿರಿಗೆ ತಿರುಗಿದಾಗ ಮಾತ್ರ +6 ಕ್ರೋಮಿಯಂ +3ಕ್ಕೆ ಅಪಕರ್ಷಣ ಹೊಂದಿರುತ್ತದೆ. ಜಿಡ್ಡನ್ನು ಉತ್ಕರ್ಷಿಸುವಾಗ ಆಗುವುದು ಇದೇ. ಆದರೂ ಹಸಿರಾದ ದ್ರವದಲ್ಲಿ ಸ್ವಲ್ಪ ಡೈಕ್ರೋಮೇಟ್ ಉಳಿದಿರಬಹುದು. ಅದನ್ನು ಸಿಂಕಿಗೆ ಸುರಿಯಬೇಡಿ.

ಸರಿಯಾದ ಕ್ರಮ ಹೀಗಿದೆ. ಕೈಗವಸು, ಕನ್ನಡಕ ಧರಿಸಿ, ಗಾಳಿಯಾಡುವ ಕಡೆ ಅಧ್ಯಾಪಕರೇ ಇದನ್ನು ಮಾಡಬೇಕು. ಮೊದಲು ಆಮ್ಲವನ್ನು ಹೆಚ್ಚು ನೀರಿಗೆ ನಿಧಾನವಾಗಿ ಸುರಿಯಿರಿ. ಎಂದಿಗೂ ಆಮ್ಲಕ್ಕೆ ನೀರನ್ನು ಸುರಿಯಬಾರದು. ದ್ರಾವಣ ಆಮ್ಲೀಯವಾಗಿರುವಾಗಲೇ, ಹಳದಿಯ ಛಾಯೆ ಪೂರ್ತಿ ಹೋಗಿ ಹಸಿರಾಗುವವರೆಗೆ ಸೋಡಿಯಂ ಬೈಸಲ್ಫೈಟನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ. ಆಗ ಹೊರಬರುವ ಸಲ್ಫರ್ ಡೈಆಕ್ಸೈಡನ್ನು ಉಸಿರಾಡಬೇಡಿ. ಬಳಿಕ ಸುಣ್ಣದ ಹಾಲನ್ನು ಬೆರೆಸಿ ಪಿ.ಎಚ್. ಬೆಲೆಯನ್ನು 8-9ಕ್ಕೆ ತಂದರೆ ಕ್ರೋಮಿಯಂ ಹೈಡ್ರಾಕ್ಸೈಡ್‌ನ ಬೂದು-ಹಸಿರು ಪ್ರಕ್ಷೇಪ ತಳಕ್ಕಿಳಿಯುತ್ತದೆ. ಅದನ್ನು ಸೋಸಿ, ಅಪಾಯಕಾರಿ ತ್ಯಾಜ್ಯವೆಂದು ಪ್ರತ್ಯೇಕವಾಗಿಡಿ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಮ್ ಮೀರಬಾರದು. ಅಂದರೆ 1 ಗ್ರಾಮ್ ಕ್ರೋಮಿಯಂ 20,000 ಲೀಟರ್ ನೀರನ್ನು ಈ ಮಿತಿಗೆ ತಲುಪಿಸಬಲ್ಲದು. ಗಾಜಿನ ಸಾಮಾನುಗಳಿಗೆ ಸಾಬೂನು ನೀರೇ ಸಾಕಾಗುವಲ್ಲಿ ಕ್ರೋಮಿಕ್ ಆಮ್ಲವನ್ನು ತಯಾರಿಸದಿರುವುದೇ ಒಳ್ಳೆಯದಲ್ಲವೆ?